ಎರಡು ಕಮಾನುಗಳ ನಡುವೆ ಒಂದು ಚಕ್ರ



ಕಾರಿನ ವಿಷಯ ಮಾತನಾಡುವುದಕ್ಕೆ ಬಾನುಲಿ ಒಳ್ಳೆಯ ಜಾಗ. ಗಾಡಿ ತನ್ನ ನೋವನ್ನು ಮೊದಲು ಹೇಳುವುದು ಸದ್ದಿನಲ್ಲಿ. ಕಣ್ಣಿಗೆ ಬೀಳುವ ಹೊತ್ತಿಗೆ ಖರ್ಚು ದೊಡ್ಡದಾಗಿರುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಅಂಥ ಒಂದು ಸದ್ದಿನ ಕಥೆ. ಸೊಸೈಟಿಯ ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನಿಂದ ‘ಕರ್ರ್’ ಎನ್ನುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತಿರುವಾಗ ಫ್ಲೈಓವರಿನ ಜೋಡಣೆಯ ಮೇಲೆ ಗಾಡಿ ಹಾರಿ ಬಿದ್ದರೆ ಹಿಂದಿನಿಂದ ‘ಝುಯ್’ ಎಂದು ಎಳೆದು ಸುಮ್ಮನಾಗುತ್ತದೆ. ಕಿಟಕಿ ತೆರೆದಿದ್ದರೆ ಸುಟ್ಟ ರಬ್ಬರಿನ ವಾಸನೆಯೂ ಬರುತ್ತದೆ. ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿದೆ ಎಂದು ಅರ್ಥ.

ಮುಂಬಯಿಯ ಗ್ಯಾರೇಜುಗಳಲ್ಲಿ ಕೆಲಸ ಕಲಿತ ಕನ್ನಡಿಗನಿಗೆ ಇದರಲ್ಲಿ ಒಂದು ಮಾತಿನ ಗೊಂದಲವೂ ಉಂಟು. ನಮಗೆ ಕಮಾನು ಎಂದರೆ ಬಾಗಿಲ ಮೇಲಿನ ಕಮಾನು, ಸೇತುವೆಯ ಕಮಾನು. ಚಕ್ರದ ಮೇಲೆ ಮಡ್‌ಗಾರ್ಡು ಬಾಗಿಕೊಂಡಿರುವ ಜಾಗಕ್ಕೂ ನಾವು ಕಮಾನು ಎಂದೇ ಹೇಳುತ್ತೇವೆ. ಇಲ್ಲಿಯ ಮೇಸ್ತ್ರಿಗಳ ಬಾಯಲ್ಲಿ ಕಮಾನ್ ಎಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ. ಎಂಬತ್ತರ ದಶಕದ ಶುರುವಿನಲ್ಲಿ ನಾನು ಕುರ್ಲಾದ ಒಂದು ಗ್ಯಾರೇಜಿಗೆ ಸೇರಿದ ಮೊದಲ ವಾರ, ಉಸ್ತಾದರು ‘ಕಮಾನ್ ನೋಡು’ ಎಂದರೆ ನಾನು ಮಡ್‌ಗಾರ್ಡು ಒರೆಸುತ್ತ ನಿಂತಿದ್ದೆ. ಆಗ ಬರೀ ಮಾತು ತಿಳಿಯದ ತೊಡಕು ಅಂದುಕೊಂಡಿದ್ದೆ. ನಲವತ್ತು ವರ್ಷ ಕೆಲಸ ಮಾಡಿದ ಮೇಲೆ ಅನಿಸುತ್ತದೆ, ಇಡೀ ವಿಷಯ ಇರುವುದು ಆ ಎರಡು ಕಮಾನುಗಳ ನಡುವೆಯೇ. ಸ್ಪ್ರಿಂಗು ಎಷ್ಟು ಕುಗ್ಗುತ್ತದೆ, ಮಡ್‌ಗಾರ್ಡು ಎಷ್ಟು ಜಾಗ ಬಿಟ್ಟಿದೆ, ಇವೆರಡರ ಲೆಕ್ಕ ತಪ್ಪಿದರೆ ನಡುವೆ ಸಿಕ್ಕಿಕೊಳ್ಳುವುದು ಚಕ್ರ.

ನಾನು ಕೆಲಸ ಕಲಿತದ್ದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಮೇಲೆ. ಹಗಲು ಗ್ಯಾರೇಜು, ರಾತ್ರಿ ಕನ್ನಡ ರಾತ್ರಿಶಾಲೆ. ಪದ್ಮಿನಿಯ ಕಾರ್ಖಾನೆ ಅದೇ ಕುರ್ಲಾದಲ್ಲಿತ್ತು. ವಾಲಚಂದ್ ಹೀರಾಚಂದರು 1944ರಲ್ಲಿ ಹುಟ್ಟುಹಾಕಿದ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ 1100ರ ಮಾದರಿಯನ್ನು ಇಲ್ಲಿ ತಯಾರಿಸುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಎಂಬ ಹೆಸರು. ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿಗಳ ಕಮಾನ್. ಟೈರು 14 ಇಂಚಿನದು, ಅಗಲ ಬರೀ 5.2 ಇಂಚು. ಇವತ್ತಿನ ಹುಡುಗರು ನೋಡಿದರೆ ಸೈಕಲ್ ಟೈರು ಎಂದಾರು. ಆದರೆ ಆ ತೆಳ್ಳನೆಯ ಟೈರಿನ ಸುತ್ತ ಕೈ ಹಾಕಿ ತಿರುಗಿಸುವಷ್ಟು ಜಾಗವಿತ್ತು. ಒಳಗೆ ನಾಲ್ವರು, ಮೇಲಿನ ಕ್ಯಾರಿಯರಿನಲ್ಲಿ ಊರಿಗೆ ಹೋಗುವವರ ಟ್ರಂಕು, ಹಾಸಿಗೆ ಸುರುಳಿ, ಹೀಗೆ ಹೇರಿಕೊಂಡು ಮುಂಬಯಿ ಸೆಂಟ್ರಲ್ಲಿಗೆ ಓಡುತ್ತಿದ್ದ ಪದ್ಮಿನಿಗಳ ಹಿಂಭಾಗ ನೆಲ ಮುಟ್ಟುವಂತೆ ಕುಸಿದಿರುತ್ತಿತ್ತು, ಆದರೂ ಟೈರು ಉಜ್ಜಿದ ದೂರು ತಂದ ಚಾಲಕರು ಬಹಳ ಕಡಿಮೆ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ನಗರದಲ್ಲಿ ಟ್ಯಾಕ್ಸಿಗೆ 20 ವರ್ಷದ ಆಯಸ್ಸು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಆ ಕಾಳಿ-ಪೀಲಿ ಪದ್ಮಿನಿ ರಸ್ತೆಯಲ್ಲಿಲ್ಲ. ಅವತ್ತು ನನಗೆ ಮನೆಯವರನ್ನು ಕಳಿಸಿಕೊಟ್ಟಷ್ಟು ಬೇಸರವಾಗಿತ್ತು.

ಪದ್ಮಿನಿಯ ನಂತರ ಬಂದ ಗಾಡಿಗಳ ಮೈಕಟ್ಟೇ ಬೇರೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದರೊಡನೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಹೊಸ ಹೆಸರು ನಮ್ಮ ಗ್ಯಾರೇಜಿಗೆ ಬಂತು. ಅರ್ಲ್ ಮ್ಯಾಕ್‌ಫರ್ಸನ್ ಅಮೆರಿಕದ ಎಂಜಿನಿಯರು. ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ, ನಮ್ಮ ಭಾಷೆಯಲ್ಲಿ ಶಾಕಪ್ ಎನ್ನೋಣ, ಒಂದೇ ಕಂಬವಾಗಿ ಜೋಡಿಸಿದವರು ಅವರು. 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಗಾಡಿಗೆ ಅದು ಕೂತಿತು. ಈಗ ನಮ್ಮ ಬೀದಿಯ ಸಣ್ಣ ಕಾರುಗಳ ಮುಂಚಕ್ರಗಳು ಹೆಚ್ಚುಕಡಿಮೆ ಎಲ್ಲವೂ ಅದೇ ಕಂಬದ ಮೇಲೆ ನಿಂತಿವೆ. ಅಗ್ಗ, ಹಗುರ, ಎಂಜಿನ್ನಿಗೆ ಜಾಗ ಬಿಡುತ್ತದೆ. ಆದರೆ ಒಂದು ಗುಣ ನೆನಪಿಡಬೇಕು: ಆ ಕಂಬ ಟೈರಿನ ಒಳಮೈಗೆ ತೀರಾ ಹತ್ತಿರ ನಿಂತಿರುತ್ತದೆ. ಸ್ಪ್ರಿಂಗು ಕೂರುವ ತಟ್ಟೆ ಟೈರಿನ ಭುಜದ ಪಕ್ಕದಲ್ಲೇ ಇರುತ್ತದೆ. ಹೊರಗೆ ಮಡ್‌ಗಾರ್ಡಿನ ಅಂಚು, ಒಳಗೆ ಈ ಕಂಬ. ಪದ್ಮಿನಿಯಲ್ಲಿ ಅಂಗಳದಷ್ಟು ಜಾಗವಿತ್ತು, ಈಗಿನದು ಚಾಳಿನ ಖೋಲಿ.

ಈಗ ನನ್ನ ತಂಗಿಯ ಮಗನ ವಿಷಯಕ್ಕೆ ಬರುತ್ತೇನೆ. ಹುಡುಗ ಡೊಂಬಿವಲಿಯಲ್ಲಿದ್ದಾನೆ, ಐರೋಲಿಯಲ್ಲಿ ಕೆಲಸ. ಹಳೆಯ ಸ್ವಿಫ್ಟ್ ಒಂದನ್ನು ಕೊಂಡಿದ್ದ. ಕಳೆದ ವರ್ಷ ಚೌತಿಗೆ ಹತ್ತು ದಿನ ಇರುವಾಗ ಫೋನು ಮಾಡಿದ.

‘ಮಾವ, ಟಯರ್ ಎಲ್ಲೋ ತಾಗ್ತದೆ ಅಂತ ಕಾಣ್ತದೆ. ಚೌತಿಗೆ ಊರಿಗೆ ಹೋಗ್ಲಿಕ್ಕುಂಟು.’

‘ಏನು ಮಾಡಿಸಿದ್ದೀಯ ಮೊದಲು ಹೇಳು.’

‘ಅಲಾಯ್ ಹಾಕಿಸಿದೆ. ಸ್ವಲ್ಪ ತಗ್ಗಿಸಿದೆ.’

ಆ ‘ಸ್ವಲ್ಪ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಅವನ ಗಾಡಿ ಬಂದದ್ದು 165/80 ಆರ್ 14 ಅಳತೆಯ ಟೈರಿನೊಂದಿಗೆ. ಈ ಸಂಖ್ಯೆಗಳು ನಿಮ್ಮ ಟೈರಿನ ಪಕ್ಕದಲ್ಲೂ ಅಚ್ಚಾಗಿರುತ್ತವೆ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಗೋಡೆಯ ಎತ್ತರ, ಅಗಲದ ನೂರರಲ್ಲಿ ಇಷ್ಟು ಪಾಲು ಎಂದು. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಈ ಚಕ್ರದ ಪೂರ್ತಿ ವ್ಯಾಸ ಸುಮಾರು 620 ಮಿಲಿಮೀಟರ್. ಹುಡುಗ ಹಾಕಿಸಿದ್ದು 205/55 ಆರ್ 16. ಅದರ ವ್ಯಾಸ 632. ಹನ್ನೆರಡೇ ಮಿಲಿಮೀಟರು ಹೆಚ್ಚು, ಅಂದರೆ ಮೇಲ್ಗಡೆಗೆ ಬರೀ ಆರು. ಅಂಗಡಿಯಲ್ಲಿ ಅವನಿಗೆ ಹೇಳಿದ್ದೂ ಅಷ್ಟೇ, ‘ಅರ್ಧ ಸೆಂಟಿಮೀಟರು, ಏನೂ ಆಗೋದಿಲ್ಲ’ ಎಂದು. ಅದು ಸುಳ್ಳಲ್ಲ, ಆದರೆ ಮೂರರಲ್ಲಿ ಒಂದು ಪಾಲು ಮಾತ್ರ.

ಎರಡನೆಯ ಪಾಲು ಅಗಲ. 165ರಿಂದ 205ಕ್ಕೆ ಹೋದರೆ 40 ಮಿಲಿಮೀಟರು, ಒಳಗೆ 20, ಹೊರಗೆ 20. ಮೂರನೆಯದನ್ನು ಯಾರೂ ಹೇಳಿರಲಿಲ್ಲ, ಅದು ಆಫ್‌ಸೆಟ್ಟು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ರಿಮ್ಮು ಹಬ್ಬಿಗೆ ಒತ್ತಿ ಬೋಲ್ಟು ಬಿಗಿಯುವ ಮೈ ಆ ಗೆರೆಯಿಂದ ಎಷ್ಟು ಹೊರಗಿದೆ ಎಂಬುದೇ ಆಫ್‌ಸೆಟ್. ಅಲಾಯ್ ಚಕ್ರದ ಒಳಬದಿಯಲ್ಲಿ ಇಟಿ ಎಂದು ಬರೆದು ಪಕ್ಕದಲ್ಲಿ ಸಂಖ್ಯೆ ಹಾಕಿರುತ್ತಾರೆ. ಆ ಸಂಖ್ಯೆ ಕಡಿಮೆಯಾದಷ್ಟೂ ಇಡೀ ಚಕ್ರ ಗಾಡಿಯಿಂದ ಹೊರಗೆ ಬರುತ್ತದೆ. ಹುಡುಗನ ಹೊಸ ರಿಮ್ಮಿನದು ಹಳೆಯದಕ್ಕಿಂತ 10 ಕಡಿಮೆ. ಕೂಡಿಸಿ ನೋಡಿ: ಹೊರಗೆ 20 ಮತ್ತು 10, ಒಟ್ಟು 30 ಮಿಲಿಮೀಟರು. ಒಳಗೆ 20ರಲ್ಲಿ 10 ಕಳೆದು ಹತ್ತು. ಮಡ್‌ಗಾರ್ಡಿನ ಅಂಚಿನ ಒಳಗೆ ಮರೆಯಲ್ಲಿದ್ದ ಟೈರು ಮೂರು ಸೆಂಟಿಮೀಟರು ಹೊರಗೆ ಬಂದು ಅಂಚಿನ ನೇರ ಕೆಳಗೆ ನಿಂತಿದೆ. ಅದರ ಮೇಲೆ ಸ್ಪ್ರಿಂಗು ಬದಲಿಸಿ ಗಾಡಿಯನ್ನು 35 ಮಿಲಿಮೀಟರು ತಗ್ಗಿಸಿದ್ದಾರೆ. ಅಂಗಡಿಯ ಸಮತಟ್ಟು ನೆಲದ ಮೇಲೆ, ಖಾಲಿ ಗಾಡಿಯಲ್ಲಿ, ಚಕ್ರ ನೆಟ್ಟಗಿರುವಾಗ ಎಲ್ಲವೂ ಚೆಂದ. ಫೋಟೋ ತೆಗೆದು ಕಳಿಸಿದ್ದ, ನಿಜಕ್ಕೂ ಚೆಂದವೇ ಇತ್ತು.

ನಾನು ಇವತ್ತು ಇಷ್ಟು ಮಾತಾಡುತ್ತಿರುವುದು ಮುಖ್ಯವಾಗಿ ಒಂದು ಸಂಗತಿ ಹೇಳುವುದಕ್ಕೆ. ಚಕ್ರ ನಿಂತಿರುವ ಜಾಗವನ್ನು ಅಳೆದರೆ ಸಾಲದು, ಚಕ್ರ ಓಡಾಡುವ ಜಾಗವನ್ನು ಅಳೆಯಬೇಕು. ಚಕ್ರ ಮೇಲೆ ಕೆಳಗೆ ಹೋಗುತ್ತದೆ, ಮುಂಚಕ್ರ ಎಡಕ್ಕೆ ಬಲಕ್ಕೆ ತಿರುಗುತ್ತದೆ, ತಿರುವಿನಲ್ಲಿ ಟೈರೇ ಪಕ್ಕಕ್ಕೆ ಉಬ್ಬುತ್ತದೆ. ಇವೆಲ್ಲ ಒಟ್ಟಿಗೆ ನಡೆಯುವ ಗಳಿಗೆಯೂ ಉಂಟು: ಐದು ಜನ ಕೂತು, ಗುಂಡಿ ಬಿದ್ದ ರಸ್ತೆಯಲ್ಲಿ, ಸ್ಟೇರಿಂಗ್ ತಿರುಗಿಸಿ ರಿಕ್ಷಾ ತಪ್ಪಿಸುವಾಗ. ಘೋಡ್‌ಬಂದರ್ ರಸ್ತೆಯಲ್ಲಿ ಮಳೆಗಾಲದಲ್ಲಿ ಗಾಡಿ ಓಡಿಸಿದವರಿಗೆ ಆ ಗಳಿಗೆ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಬಂಪ್ ಸ್ಟಾಪ್ ಎಂಬ ಪುಟ್ಟ ವಸ್ತುವನ್ನು ಪರಿಚಯಿಸಬೇಕು. ಶಾಕಪ್ಪಿನ ಸರಳಿನ ಮೇಲೆ, ರಬ್ಬರಿನದೋ ಫೋಮಿನದೋ, ಹೆಬ್ಬೆರಳು ಗಾತ್ರದಿಂದ ಹಿಡಿದು ಬಾಳೆಕಾಯಿ ಗಾತ್ರದವರೆಗೆ ಇರುತ್ತದೆ. ಚಕ್ರ ಇನ್ನು ಮೇಲೆ ಹೋಗಬಾರದು ಎಂದು ತಡೆಯುವುದು ಅದೇ. ಗಾಡಿ ತಯಾರಿಸಿದವರು ಈ ಸ್ಟಾಪಿನ ಉದ್ದವನ್ನು ನಿರ್ಧರಿಸುವಾಗ, ಚಕ್ರ ಎಷ್ಟೇ ಮೇಲೇರಿದರೂ ಮಡ್‌ಗಾರ್ಡು ತಾಗದಷ್ಟು ಜಾಗ ಉಳಿಸಿರುತ್ತಾರೆ. ಗಾಡಿ ತಗ್ಗಿಸಿದ್ದರಿಂದ ಚಕ್ರ ಮೊದಲಿಗಿಂತ ಮೇಲಕ್ಕೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸ್ಟಾಪು ಹಾಗೇ ಇದ್ದರೆ ಚಕ್ರ ತಲುಪುವ ತುತ್ತತುದಿ ಹೆಚ್ಚುಕಡಿಮೆ ಹಳೆಯದೇ. ಬದಲಾಗುವುದು ಅಲ್ಲಿಗೆ ಎಷ್ಟು ಸಲ ಹೋಗುತ್ತದೆ ಎನ್ನುವುದು. ಮೊದಲು ದೊಡ್ಡ ಗುಂಡಿಗೆ ಬಿದ್ದಾಗ ವರ್ಷಕ್ಕೆ ನಾಲ್ಕು ಸಲ ಹೋಗುತ್ತಿದ್ದ ಜಾಗಕ್ಕೆ ಈಗ ಪ್ರತಿ ಸ್ಪೀಡ್ ಬ್ರೇಕರಿನಲ್ಲಿ ಹೋಗುತ್ತದೆ. ಅಲ್ಲಿ ಮೊದಲಿದ್ದದ್ದು ಮಡ್‌ಗಾರ್ಡಿನ ಮರೆಯಲ್ಲಿ ನಿಲ್ಲುವ ತೆಳ್ಳನೆಯ ಟೈರು. ಈಗ ಅಂಚಿಗೇ ಬಂದು ಹೊಡೆಯುವ ದಪ್ಪ ಟೈರು. ಇನ್ನು ಕೆಲವರು ಗಾಡಿ ತಗ್ಗಿಸಿದ ಮೇಲೆ ‘ಧಪ್ ಧಪ್ ಎನ್ನುತ್ತದೆ’ ಎಂದು ಆ ಸ್ಟಾಪನ್ನೇ ಅರ್ಧ ಕತ್ತರಿಸಿ ಎಸೆಯುತ್ತಾರೆ. ಹಾಗೆ ಮಾಡಿದರೆ ಚಕ್ರ ನಿಜವಾಗಿಯೂ ಹಿಂದೆಂದೂ ಹೋಗದ ಎತ್ತರಕ್ಕೆ ಹೋಗುತ್ತದೆ. ಹೊಸ ಸ್ಪ್ರಿಂಗಿನ ಜತೆ ಕಂಪನಿಯೇ ಗಿಡ್ಡ ಸ್ಟಾಪು ಕೊಟ್ಟಿದ್ದರೆ ಅದರ ಮಾತು ಬೇರೆ. ಬ್ಲೇಡು ಹಿಡಿದು ಅಂದಾಜಿನಲ್ಲಿ ಕೊಯ್ಯುವುದಂತೂ ಬೇಡವೇ ಬೇಡ. ಕೆಲವು ಸಲ ನಾನು ಇದರ ತಿರುಗುಮುರುಗು ಮಾಡಿ, ಸ್ಟಾಪಿನ ಮೇಲೆ ಎಂಟು ಮಿಲಿಮೀಟರಿನ ಗಟ್ಟಿ ಬಿಲ್ಲೆ ಕೂರಿಸಿ, ತಾಗುವ ಮೊದಲೇ ಚಕ್ರವನ್ನು ನಿಲ್ಲಿಸಿದ್ದೇನೆ. ಸವಾರಿ ತುಸು ಗಡುಸಾಗುತ್ತದೆ, ಟೈರು ಉಳಿಯುತ್ತದೆ.

ಸ್ಪ್ರಿಂಗು ಕತ್ತರಿಸುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಈಗಲೂ ನಡೆಯುತ್ತಿದೆ. ಹೊಸ ಸ್ಪ್ರಿಂಗಿಗೆ ದುಡ್ಡಿಲ್ಲ, ಇದ್ದದ್ದರಲ್ಲೇ ಒಂದು ಸುತ್ತು ಗ್ರೈಂಡರಿನಲ್ಲಿ ಕೊಯ್ದುಬಿಡುತ್ತಾರೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಹೋದರೆ ಉಳಿದದ್ದು ನೂರಕ್ಕೆ ಇಪ್ಪತ್ತರಷ್ಟು ಗಡುಸಾಗುತ್ತದೆ. ಅದಕ್ಕೆ ಹಳೆಯ ಶಾಕಪ್ಪು ಸಾಲುವುದಿಲ್ಲ, ಗಾಡಿ ಕುಪ್ಪಳಿಸುತ್ತದೆ. ಅದಕ್ಕಿಂತ ಭಯ ಬೇರೆ. ಕೊಯ್ದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗು ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಗ್ಯಾಸ್ ಕಟ್ಟರಿನಿಂದ ಕಾಯಿಸಿ ತಗ್ಗಿಸುವುದು ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಹೋಗಿಬಿಡುತ್ತದೆ.

ಹುಡುಗನಿಗೆ ‘ಭಾನುವಾರ ಗಾಡಿ ತಗೊಂಡು ಬಾ, ನಿನ್ನ ನಾಲ್ಕು ಜನ ಗೆಳೆಯರನ್ನೂ ಕೂರಿಸಿಕೊಂಡು ಬಾ’ ಎಂದೆ. ಖಾಲಿ ಗಾಡಿಯನ್ನು ನೋಡಿ ನಾನು ಏನೂ ಹೇಳುವುದಿಲ್ಲ. ಬಂದರು. ಮೊದಲು ಟೈರನ್ನೇ ನೋಡಿದೆ. ಹಿಂದಿನ ಎರಡೂ ಟೈರುಗಳ ಹೊರಭುಜದ ಸುತ್ತ, ಸುಮಾರು ಒಂದು ಬೆರಳಗಲ, ಕಪ್ಪು ಹೊಳಪಿನ ಪಟ್ಟಿ. ಬೆರಳಾಡಿಸಿದರೆ ನುಣುಪು, ಒಂದು ಕಡೆ ಕೂದಲೆಳೆಯ ಹಾಗೆ ಸೀಳು. ಮಡ್‌ಗಾರ್ಡಿನ ಅಂಚು ಒಳಗೆ ಮಡಚಿಕೊಂಡಿರುತ್ತದಲ್ಲ, ಆ ಮಡಿಕೆಯಲ್ಲಿ ಬಣ್ಣ ಹೋಗಿ ಲೋಹ ಬೆಳ್ಳಗೆ ಕಾಣುತ್ತಿತ್ತು. ಮುಂದೆ, ಒಳಗಿನ ಪ್ಲಾಸ್ಟಿಕ್ ಲೈನರು ಬಂಪರಿನ ಹಿಂದೆ ಸವೆದು ತೆಳ್ಳಗಾಗಿತ್ತು, ಅದನ್ನು ಹಿಡಿದಿದ್ದ ಒಂದು ಸ್ಕ್ರೂವಿನ ತಲೆ ಟೈರಿಗೆ ಗೀರು ಹಾಕಿತ್ತು.

ಎಲ್ಲಿ ಎಷ್ಟು ತಾಗುತ್ತದೆ ಎಂದು ಕಂಡುಹಿಡಿಯುವುದಕ್ಕೆ ನಾನು ಬಳಸುವುದು ನಾದಿದ ಹಿಟ್ಟು. ಗ್ಯಾರೇಜಿನ ಎದುರಿಗೆ ನಮ್ಮವರದೇ ಒಂದು ಉಡುಪಿ ಹೋಟೆಲಿದೆ. ಬೆಳಿಗ್ಗೆ ಪೂರಿಗೆ ನಾದಿದ ಹಿಟ್ಟಿನಲ್ಲಿ ಒಂದು ಮುಷ್ಟಿ ಕೊಡುತ್ತಾರೆ, ನಾನು ಕೇಳಿದರೆ ಯಾಕೆ ಎಂದು ಕೇಳುವುದನ್ನು ಬಿಟ್ಟು ವರ್ಷಗಳಾದವು. ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ಮಾಡಿ, ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ನಾಲ್ಕು ಬೆರಳಿಗೊಂದರಂತೆ, ಲೈನರಿನ ಮೇಲೆ, ಸ್ಪ್ರಿಂಗಿನ ತಟ್ಟೆಯ ಪಕ್ಕದಲ್ಲಿ ಅಂಟಿಸುತ್ತೇನೆ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿಯುತ್ತೇನೆ. ಐದೂ ಜನರನ್ನು ಕೂರಿಸಿ, ಸ್ಪೀಡ್ ಬ್ರೇಕರಿನ ಮೇಲೆ ಓರೆಯಾಗಿ, ನಡೆಯುವಷ್ಟೇ ವೇಗದಲ್ಲಿ ಹಾಯಿಸುತ್ತೇನೆ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಓರೆಯಾಗಿ ಹಾಯಿಸಿದರೆ ಒಂದು ಮೂಲೆಯ ಚಕ್ರ ತನ್ನ ಪೂರ್ತಿ ಎತ್ತರಕ್ಕೆ ಹೋಗುತ್ತದೆ. ಆಮೇಲೆ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಂದು ಸುತ್ತು, ಪೂರ್ತಿ ಬಲಕ್ಕೆ ಒಂದು ಸುತ್ತು. ಇಳಿದು ಟಾರ್ಚು ಹಾಕಿ ನೋಡಿದರೆ ಹಿಟ್ಟೇ ಎಲ್ಲ ಹೇಳುತ್ತದೆ. ಮುಟ್ಟದ ಉಂಡೆ ಉಂಡೆಯಾಗಿಯೇ ಇರುತ್ತದೆ. ಚಪ್ಪಟೆಯಾದದ್ದನ್ನು ಬಿಡಿಸಿ ಅಳೆದರೆ ಉಳಿದಿರುವ ಸಂದು ಎಷ್ಟು ಎಂದು ಮಿಲಿಮೀಟರಿನಲ್ಲಿ ಗೊತ್ತಾಗುತ್ತದೆ. ಹುಡುಗನ ಗಾಡಿಯ ಎಡ ಹಿಂಚಕ್ರದ ಮೇಲಿನ ಮೂರು ಉಂಡೆಗಳು ಹಪ್ಪಳವಾಗಿದ್ದವು, ಒಂದರಲ್ಲಿ ಟೈರಿನ ಅಕ್ಷರಗಳು ಉಲ್ಟಾ ಮೂಡಿದ್ದವು. ಬೇರೆ ಸಾಕ್ಷಿ ಬೇಕಾಗಲಿಲ್ಲ, ಹುಡುಗ ತಾನೇ ಬಗ್ಗಿ ನೋಡಿ ಸುಮ್ಮನಾದ.

ನೀವು ಮನೆಯಲ್ಲೇ ಇದನ್ನು ಮಾಡಬಹುದು. ಒಂದೇ ಎಚ್ಚರಿಕೆ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಹಾಕಬೇಡಿ. ಗಾಡಿಯ ಎತ್ತರ ಅಳೆಯುವಾಗ ನೆಲದಿಂದ ಅಳೆಯದೆ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆಯಾದಂತೆ ಲೆಕ್ಕ ತಪ್ಪುತ್ತದೆ. ನಾಲ್ಕೂ ಚಕ್ರದ ಅಳತೆಯನ್ನು ಬದಲಾವಣೆಗೆ ಮೊದಲು ಒಂದು ಕಾಗದದಲ್ಲಿ ಬರೆದಿಡಿ. ಟೈರಿಗೂ ಒಳಗಿನ ಕಂಬಕ್ಕೂ ನಡುವೆ ಕಿರುಬೆರಳು ಸರಾಗವಾಗಿ ತೂರಬೇಕು, ಅದಕ್ಕಿಂತ ಕಡಿಮೆಯಿದ್ದರೆ ನಾನು ಒಪ್ಪುವುದಿಲ್ಲ.

ಈ ಉಜ್ಜಾಟವನ್ನು ಯಾಕೆ ಇಷ್ಟು ದೊಡ್ಡದು ಮಾಡುತ್ತೇನೆ ಎಂದು ಕೇಳಬಹುದು. ಟೈರಿನ ಪಕ್ಕದ ಗೋಡೆ ಅದರ ಮೈಯಲ್ಲೇ ಅತಿ ತೆಳುವಾದ ಭಾಗ. ನೆಲಕ್ಕೆ ತಾಗುವ ಭಾಗದಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ, ಗೋಡೆಯಲ್ಲಿ ಬರೀ ನೂಲಿನ ಎಳೆ ಮತ್ತು ರಬ್ಬರು. ಅಲ್ಲಿ ಸೀಳು ಬಿದ್ದರೆ ಪಂಕ್ಚರ್ ಅಂಗಡಿಯವರ ಯಾವ ತೇಪೆಯೂ ನಿಲ್ಲುವುದಿಲ್ಲ. ಪೇಟೆಯಲ್ಲಿ ಮೂವತ್ತರ ವೇಗದಲ್ಲಿ ಬರೀ ಸದ್ದಾಗಿದ್ದದ್ದು, ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ, ಬೇಸಗೆಯ ಮಧ್ಯಾಹ್ನ, ಒಡೆಯುವ ಟೈರಾಗುತ್ತದೆ. ಅಂಥ ಗಾಡಿಗಳನ್ನು ಕ್ರೇನಿನಲ್ಲಿ ಎತ್ತಿ ತಂದದ್ದನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಕೂತಿದ್ದವರ ಚಪ್ಪಲಿಗಳು ಒಳಗೇ ಬಿದ್ದಿರುತ್ತವೆ.

ಹೊಸ ಟೈರು ಕೊಳ್ಳುವಾಗ ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆಯನ್ನೂ ಓದಿ. 88 ಎಂದಿದ್ದರೆ ಒಂದು ಟೈರು 560 ಕಿಲೋ ಹೊರುತ್ತದೆ, 87 ಎಂದರೆ 545. ಚೆಂದಕ್ಕೆಂದು ಕಡಿಮೆ ಗೋಡೆಯ ಟೈರು ಹಾಕುವವರು ಈ ಸಂಖ್ಯೆ ಹಳೆಯದಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು.

ತಗ್ಗಿಸುವವರ ಕಥೆ ಇದಾಯಿತು. ಆದರೆ ಮುಂಬಯಿಯಲ್ಲಿ ಗಾಡಿ ಬದಲಿಸುವವರಲ್ಲಿ ಹುಡುಗರು ಕಡಿಮೆ, ಸಂಸಾರಸ್ಥರೇ ಹೆಚ್ಚು. ಅವರು ಬದಲಿಸುವುದು ಗ್ಯಾಸಿಗಾಗಿ. ಮಹಾನಗರ ಗ್ಯಾಸ್ ಕಂಪನಿ 1995ರಲ್ಲಿ ಶುರುವಾಯಿತು, ಕೆಲವೇ ವರ್ಷಗಳಲ್ಲಿ ಟ್ಯಾಕ್ಸಿ, ರಿಕ್ಷಾಗಳೆಲ್ಲ ಸಿಎನ್‌ಜಿಗೆ ತಿರುಗಿದವು, ಅವುಗಳ ಹಿಂದೆ ಮನೆಯ ಕಾರುಗಳೂ. ಡಿಕ್ಕಿಯಲ್ಲಿ ಕೂರುವ ಉಕ್ಕಿನ ಸಿಲಿಂಡರು ಖಾಲಿಯಿದ್ದಾಗಲೇ ಅರವತ್ತು ಕಿಲೋ ಆಸುಪಾಸು. ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ಡಿಕ್ಕಿಯಲ್ಲಿ ಕೂತಂತೆ. ಅದರ ಮೇಲೆ ಹಿಂದಿನ ಸೀಟಿನಲ್ಲಿ ಅಜ್ಜ, ಅಜ್ಜಿ, ಮಗು. ಊರಿಂದ ಬರುವಾಗ ಕುಚ್ಚಲಕ್ಕಿಯ ಮೂಟೆ, ತೆಂಗಿನಕಾಯಿ, ಒಂದು ಹಲಸು. ಯಾವ ಟೈರನ್ನೂ ಬದಲಿಸದೆ, ಏನನ್ನೂ ತಗ್ಗಿಸದೆ, ಆ ಗಾಡಿ ತಾನಾಗಿ ತಗ್ಗಿರುತ್ತದೆ. ಹಿಂದೆ ಉಜ್ಜುವ ಸದ್ದು ಬರುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಅದಕ್ಕೆ ಇಲ್ಲಿ ಎಲ್ಲರೂ ಹೇಳುವ ಮದ್ದು, ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರಿನ ಬಫರ್ ತುರುಕುವುದು. ಐದು ನಿಮಿಷದ ಕೆಲಸ, ಗಾಡಿ ಎದ್ದು ನಿಲ್ಲುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ರಬ್ಬರು ಕೂತ ಜಾಗದಲ್ಲಿ ಸ್ಪ್ರಿಂಗು ಕೆಲಸ ಮಾಡುವುದಿಲ್ಲ, ಅದರ ಪಾಲಿನ ಹೊರೆ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ರಬ್ಬರಿನ ಅಡಿಯಲ್ಲಿ ಮಳೆನೀರು, ಮರಳು ಸೇರಿ ಬಣ್ಣ ಕೆರೆದು ತುಕ್ಕು ಹಿಡಿಯುತ್ತದೆ. ನಮ್ಮದು ಸಮುದ್ರದ ಗಾಳಿಯ ಊರು, ಉಕ್ಕಿಗೆ ಒಂದು ಗೀರು ಬಿದ್ದರೆ ಸಾಕು. ತುಕ್ಕು ಹಿಡಿದ ಸ್ಪ್ರಿಂಗು ಒಂದು ದಿನ ಮುರಿಯುತ್ತದೆ. ಮುಂಚಕ್ರದ ಸ್ಪ್ರಿಂಗಾದರೆ ಮುರಿದ ಚೂಪು ತುದಿ ಜಾರಿ ಟೈರಿನ ಮೇಲೇ ಇಳಿಯಬಹುದು. ಉಜ್ಜುವುದನ್ನು ತಪ್ಪಿಸಲು ಹೋಗಿ ಟೈರನ್ನೇ ಕೊಯ್ದಂತಾಯಿತು. ಅದಕ್ಕೆ ಬದಲು, ಅದೇ ಮಾದರಿಯ ಗಾಡಿಯನ್ನು ಕಂಪನಿಯೇ ಸಿಎನ್‌ಜಿ ಹಾಕಿ ಮಾರುತ್ತಿದ್ದರೆ, ಅದರ ಹಿಂದಿನ ಸ್ಪ್ರಿಂಗುಗಳನ್ನು ತರಿಸಿ ಹಾಕಿಸಿ. ಭಾರದ ಲೆಕ್ಕ ಹಾಕಿಯೇ ಮಾಡಿದವು ಅವು.

ಇನ್ನು ಮಡ್‌ಗಾರ್ಡಿನ ಅಂಚು ಮಡಚುವ ಕೆಲಸ. ಒಳಗೆ ಚಾಚಿಕೊಂಡಿರುವ ಮಡಿಕೆಯನ್ನು ರೋಲರಿನಿಂದ ಮೇಲಕ್ಕೆ ಒತ್ತಿದರೆ ಐದಾರು ಮಿಲಿಮೀಟರು ಜಾಗ ಸಿಗುತ್ತದೆ. ಬಿಸಿಗಾಳಿಯ ಯಂತ್ರ ಹಿಡಿದು ಬಣ್ಣವನ್ನು ಮೆತ್ತಗೆ ಮಾಡಿ, ಇಂಚಿಂಚಾಗಿ, ತಾಳ್ಮೆಯಿಂದ ಮಾಡುವ ಕೆಲಸ ಅದು. ಕೆಲವರು ದೊಣ್ಣೆ ತೂರಿಸಿ ಗಾಡಿ ಹಿಂದೆ ಮುಂದೆ ಓಡಿಸಿ ಮಡಚುತ್ತಾರೆ. ಬಣ್ಣ ಬಿರಿಯುತ್ತದೆ, ಮಡಿಕೆಯ ಒಳಗಿನ ಸೀಲೆಂಟು ಒಡೆಯುತ್ತದೆ, ಮುಂದಿನ ಶ್ರಾವಣದ ಹೊತ್ತಿಗೆ ತುಕ್ಕಿನ ಗುಳ್ಳೆಗಳು ಹೊರಗೆ ಕಾಣುತ್ತವೆ. ಮಡಚಿಸಲೇಬೇಕೆಂದಿದ್ದರೆ ಮಡಚಿದ ದಿನವೇ ಪ್ರೈಮರು, ಸೀಲೆಂಟು ಬಳಿಸಿ, ಅಂಡರ್‌ಕೋಟು ಹೊಡೆಸಿ. ಹೊರಗೆ ನಿಂತ ಟೈರಿಗೆ ಇದೊಂದು ಸಣ್ಣ ಸಹಾಯ ಮಾತ್ರ. ಮೂರು ಸೆಂಟಿಮೀಟರಿನ ತಪ್ಪನ್ನು ಐದು ಮಿಲಿಮೀಟರಿನಲ್ಲಿ ತಿದ್ದಲಾಗದು.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟು ನೋಂದಣಿ ಪುಸ್ತಕದಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಯೂ ಆಗಬಹುದು. ಸಿಎನ್‌ಜಿ ಕಿಟ್ಟು ಹಾಕಿಸಿದರೆ ಆರ್‌ಟಿಓದಲ್ಲಿ ದಾಖಲಿಸಬೇಕು, ವಿಮೆಯವರಿಗೂ ತಿಳಿಸಬೇಕು. ದಂಡಕ್ಕೆ ಹೆದರಿ ಈ ಮಾತು ಹೇಳುತ್ತಿಲ್ಲ. ಗಾಡಿ ಕಟ್ಟಿದವರು ಎರಡು ಕಮಾನುಗಳ ಲೆಕ್ಕವನ್ನು ಒಟ್ಟಿಗೆ ಹಾಕಿರುತ್ತಾರೆ, ನಾವು ಒಂದನ್ನು ಮುಟ್ಟಿ ಇನ್ನೊಂದನ್ನು ಮರೆಯುತ್ತೇವೆ.

ಹುಡುಗನಿಗೆ ನಾನು ಬೈಯಲಿಲ್ಲ. ಆ ವಯಸ್ಸಿನಲ್ಲಿ ಗಾಡಿಯ ಮೇಲೆ ಪ್ರೀತಿ ಇರುವುದು ನನಗೆ ಇಷ್ಟ. ‘ದೊಡ್ಡ ಚಕ್ರ ಬೇಕು ತಾನೆ? ನಿನ್ನ ಗಾಡಿಯ ಕಂಪನಿಯವರೇ ಇದೇ ಸ್ವಿಫ್ಟಿನ ಮೇಲ್ದರ್ಜೆಗೆ ಒಂದು ಕೊಟ್ಟಿದ್ದಾರೆ’ ಎಂದೆ. 185/65 ಆರ್ 15. ಲೆಕ್ಕ ಹಾಕಿಸಿದೆ, ಅವನೇ ಫೋನಿನಲ್ಲಿ ಹಾಕಿದ. ವ್ಯಾಸ 621 ಚಿಲ್ಲರೆ. ಹಳೆಯದಕ್ಕೂ ಇದಕ್ಕೂ ಎರಡೇ ಮಿಲಿಮೀಟರು ಫರಕು. ರಿಮ್ಮು ದೊಡ್ಡದು, ನೋಡಲು ತುಂಬಿದ ಹಾಗೆ, ಆಫ್‌ಸೆಟ್ಟು ತಯಾರಕರೇ ಲೆಕ್ಕ ಹಾಕಿದ್ದು.

ಇಬ್ಬರೂ ಸೇರಿ ಕುರ್ಲಾ–ಕಲೀನಾದ ಸಿಎಸ್‌ಟಿ ರಸ್ತೆಗೆ ಹೋದೆವು. ಆ ಹೆಸರು ಕೇಳಿ ಬಹಳ ಮಂದಿ ಅದು ಬೋರಿಬಂದರ್ ಸ್ಟೇಷನ್ನಿಗೆ ಮೊದಲಿದ್ದ ಹೆಸರು ಎಂದುಕೊಳ್ಳುತ್ತಾರೆ. ನಿಜವಾಗಿ ಅದು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ, 1928ರಲ್ಲಿ ತೆರೆದು 1934ರಲ್ಲೇ ನಿಂತುಹೋದ ಒಂದು ರೈಲುದಾರಿಯ ಹೆಸರು. ರೈಲು ಹೋಗಿ ಈಗ ರಸ್ತೆಯ ಇಕ್ಕೆಲದಲ್ಲೂ ಟೈರು, ರಿಮ್ಮು, ಬಿಡಿಭಾಗಗಳ ಅಂಗಡಿಗಳು. ಕಂಪನಿಯ ಹಳೆಯ ಹದಿನೈದಿಂಚಿನ ಅಲಾಯ್ ನಾಲ್ಕು ಸಿಕ್ಕವು. ಒಂದೊಂದನ್ನೂ ತಿರುಗಿಸಿ ನೋಡಿ, ಅಂಚು ಸೊಟ್ಟಗಾಗಿದ್ದ ಒಂದನ್ನು ಬದಲಿಸಿಕೊಂಡೆವು. ಗ್ಯಾರೇಜಿಗೆ ಬಂದು, ಅದೃಷ್ಟಕ್ಕೆ ಅವನು ಎಸೆಯದೆ ಇಟ್ಟಿದ್ದ ಹಳೆಯ ಸ್ಪ್ರಿಂಗುಗಳನ್ನು ವಾಪಸು ಹಾಕಿದೆವು. ಸೀಳಿದ ಟೈರುಗಳನ್ನು ಯಾರಿಗೂ ಮಾರಬೇಡ ಎಂದು ಹೇಳಿ, ಅವನ ಎದುರಿಗೇ ಗೋಡೆ ಕೊಯ್ದು ಗುಜರಿಗೆ ಹಾಕಿದೆ. ಅಲೈನ್‌ಮೆಂಟ್ ಮಾಡಿಸಿ, ಮತ್ತೆ ಐದು ಜನ, ಮತ್ತೆ ಹಿಟ್ಟಿನ ಉಂಡೆ, ಅದೇ ಸ್ಪೀಡ್ ಬ್ರೇಕರು. ಎಲ್ಲ ಉಂಡೆಗಳೂ ಅಂಟಿಸಿದ ಹಾಗೇ ಇದ್ದವು. ನೂರು ಕಿಲೋಮೀಟರಿನ ಮೇಲೆ ಚಕ್ರದ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಎಂದು ಪಾನಾ ಕೊಟ್ಟು ಕಳಿಸಿದೆ.

ಚೌತಿಯ ಮುನ್ನಾದಿನ ಹೊರಟರು. ತಂಗಿ, ಭಾವ, ಹುಡುಗ, ಅವನ ಅಕ್ಕ, ಅಕ್ಕನ ಮಗು. ಪನ್ವೇಲ್ ದಾಟಿ, ಮಹಾಡ್, ಚಿಪಳೂಣ್, ಸಾವಂತವಾಡಿ, ಆ ರಸ್ತೆ ಮಳೆಯಲ್ಲಿ ಹೇಗಿರುತ್ತದೆ ಎಂದು ಊರಿಗೆ ಹೋಗಿಬಂದವರಿಗೆಲ್ಲ ಗೊತ್ತು. ಮರುದಿನ ಕಾರ್ಕಳ ತಲುಪಿ ನನಗೆ ಒಂದು ಫೋಟೋ ಕಳಿಸಿದ. ಗಣಪತಿಯದಿರಬಹುದು ಎಂದು ತೆರೆದರೆ, ಎಡ ಹಿಂಚಕ್ರದ ಮೇಲಿನ ಲೈನರು. ಫೋನಿನ ಬೆಳಕು ಹಾಕಿ ಕೆಳಗಿನಿಂದ ತೆಗೆದಿದ್ದ. ಈ ತುದಿಯಿಂದ ಆ ತುದಿಯವರೆಗೆ ಕೊಂಕಣದ ಕೆಂಪುಮಣ್ಣು ಒಂದೇ ಸಮ ಮೆತ್ತಿಕೊಂಡಿತ್ತು, ಎಲ್ಲೂ ಒಂದು ಗೆರೆಯಷ್ಟೂ ಒರೆಸಿ ಹೋಗಿರಲಿಲ್ಲ.